ತನ್ನನ್ನು ತಾನು ಮಿಗಿಲೆಂದು ನಂಬುವುದು ಮನಸ್ಸಿಗೆ ಹಿತವೇ?

ಈ ಬಾರಿ ಬಂದ ಪತ್ರಗಳಲ್ಲಿ ಮೂರು ಪತ್ರಗಳು ಒಂದೇ ವಿಚಾರವನ್ನು ಬೇರೆ ಬೇರೆ ನೆಲೆಯಿಂದ ಕೇಳಿರುವುದರಿಂದ ಇಡೀ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಮಗ ದ್ವಿತೀಯ ಪಿಯುಸಿ ಓದುತ್ತಿದ್ದಾನೆ, ಜೊತೆಗೆ ನೀಟ್ ಕೋಚಿಂಗ್‌ಗೂ ಹೋಗುತ್ತಾನೆ. ಬೇಸಿಗೆಯಲ್ಲಿ ಒಂದು ವ್ಯಕ್ತಿತ್ವ ವಿಕಸನ ಶಿಬಿರಕ್ಕೆ ಹೋಗಿಬಂದ ಮೇಲೆ ಓದುವ ಮೇಜಿನ ಮುಂದಿನ ಗೋಡೆಗೆ ‘ನನಗೆ 680 ಬಂದೇ ಬರುತ್ತದೆ’ ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿಕೊಂಡಿದ್ದಾನೆ. ಮಾಕ್ ಟೆಸ್ಟ್‌ಗಳಲ್ಲಿ ಮಾತ್ರ 720ಕ್ಕೆ 350ರ ಆಸುಪಾಸಿನಲ್ಲೇ ಇದ್ದಾನೆ. ಆ ವಿಷಯ ಎತ್ತಿದರೆ ‘ನೆಗೆಟಿವ್ ಆಗಿ ಮಾತಾಡಬೇಡಮ್ಮ’ ಎಂದು ಎದ್ದು ಹೋಗುತ್ತಾನೆ. ನಮ್ಮ ಯಜಮಾನರು ‘ಹುಡುಗ ಧೈರ್ಯವಾಗಿದ್ದಾನೆ, ನೀನು ಕುಗ್ಗಿಸಬೇಡ’ ಎನ್ನುತ್ತಾರೆ. ಇರುವುದಕ್ಕಿಂತ ಹೆಚ್ಚಾಗಿ ತನ್ನನ್ನು ನಂಬಿಕೊಳ್ಳುವುದು ಮನಸ್ಸಿನ ಆರೋಗ್ಯಕ್ಕೆ ಒಳ್ಳೆಯದೇ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ನಿಮ್ಮ ಮನೆಯಲ್ಲಿ ನಡೆಯುತ್ತಿರುವ ಈ ವಾದ ಮನೋವಿಜ್ಞಾನದಲ್ಲಿ ಮೂರೂವರೆ ದಶಕಗಳಿಂದ ನಡೆದಿದೆ, ಎರಡೂ ಕಡೆ ಗಂಭೀರ ವಿದ್ವಾಂಸರಿದ್ದಾರೆ. ಆದ್ದರಿಂದ ನಿಮ್ಮ ಪತಿಯ ಮಾತನ್ನು ತಿಳಿಯದೆ ಆಡಿದ ಮಾತೆಂದು ತಳ್ಳಿಹಾಕಬೇಡಿ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ತನ್ನ ಬಗ್ಗೆ ಒಳ್ಳೆಯ ಭಾವನೆ ಇರುವುದು ಮನಸ್ಸಿಗೆ ಖಂಡಿತವಾಗಿ ಹಿತ, ಆದರೆ ಆ ಹಿತ ಬರುವುದು ನಂಬಿಕೆಯಲ್ಲಿ ಸುಳ್ಳಾಗಿರುವ ಭಾಗದಿಂದ ಎನ್ನುವುದಕ್ಕೆ ಆಧಾರ ಬಹಳ ತೆಳುವಾಗಿದೆ.

1958ರಲ್ಲಿ ಮೇರಿ ಯಹೋದಾ ಅವರು ಮಾನಸಿಕ ಆರೋಗ್ಯದ ಲಕ್ಷಣಗಳನ್ನು ವಿವರಿಸಿದಾಗ, ಇದ್ದುದನ್ನು ಇದ್ದ ಹಾಗೆ ಕಾಣುವ ಶಕ್ತಿಯನ್ನೂ ಅವುಗಳಲ್ಲಿ ಸೇರಿಸಿದ್ದರು. ಬಹುಕಾಲ ಯಾರೂ ಅದನ್ನು ಪ್ರಶ್ನಿಸಲಿಲ್ಲ. 1988ರಲ್ಲಿ ಅಮೆರಿಕದ ಶೆಲ್ಲಿ ಟೇಲರ್ ಮತ್ತು ಜೊನಾಥನ್ ಬ್ರೌನ್ ಒಂದು ಪ್ರಬಂಧ ಬರೆದು ಇದನ್ನು ತಲೆಕೆಳಗು ಮಾಡಿದರು. ಆರೋಗ್ಯವಂತ ಮನಸ್ಸಿನವರು ತಮ್ಮನ್ನು ಇರುವುದಕ್ಕಿಂತ ಉತ್ತಮರೆಂದು ಭಾವಿಸುತ್ತಾರೆ, ನಡೆಯುವುದೆಲ್ಲ ತಮ್ಮ ಹಿಡಿತದಲ್ಲಿದೆ ಎಂದು ಇರುವುದಕ್ಕಿಂತ ಹೆಚ್ಚಾಗಿ ನಂಬುತ್ತಾರೆ, ಭವಿಷ್ಯ ತಮಗೆ ಉಳಿದವರಿಗಿಂತ ಚೆನ್ನಾಗಿರುತ್ತದೆ ಎಂದುಕೊಳ್ಳುತ್ತಾರೆ. ಈ ಮೂರು ಹಿತಕರ ಭ್ರಮೆಗಳೇ ಅವರ ನೆಮ್ಮದಿಗೂ, ದುಡಿಯುವ ಹುರುಪಿಗೂ, ಇತರರೊಡನೆ ಬೆರೆಯುವ ಶಕ್ತಿಗೂ ಆಸರೆ ಎಂಬುದು ಅವರ ವಾದ. ಇಂಥ ಭ್ರಮೆ ಸಾಮಾನ್ಯ ಎಂಬ ಮಾತಿಗೆ ಆಧಾರ ಬೇಕಾದಷ್ಟಿತ್ತು. 1981ರಲ್ಲಿ ಓಲಾ ಸ್ವೆನ್ಸನ್ ವಾಹನ ಚಾಲನೆಯ ಕೌಶಲದ ಬಗ್ಗೆ ವಿಚಾರಿಸಿದಾಗ, ಅಮೆರಿಕದ ಗುಂಪಿನಲ್ಲಿ ಶೇಕಡಾ 93 ಮಂದಿ, ಸ್ವೀಡನ್ನಿನ ಗುಂಪಿನಲ್ಲಿ ಶೇಕಡಾ 69 ಮಂದಿ ತಾವು ಮೇಲಿನ ಅರ್ಧಕ್ಕೆ ಸೇರಿದವರೆಂದು ಹೇಳಿದ್ದರು. ಎಲ್ಲರೂ ಮೇಲಿನ ಅರ್ಧದಲ್ಲಿರಲು ಸಾಧ್ಯವಿಲ್ಲವಷ್ಟೆ.

ಟೇಲರ್ ಮತ್ತು ಬ್ರೌನ್ ಅವರ ವಾದಕ್ಕೆ ಇನ್ನೊಂದು ಊರುಗೋಲು ಖಿನ್ನತೆಯ ಅಧ್ಯಯನದಿಂದ ಸಿಕ್ಕಿತ್ತು. 1979ರಲ್ಲಿ ಲಾರೆನ್ ಅಲಾಯ್ ಮತ್ತು ಲಿನ್ ಅಬ್ರಮ್ಸನ್ ವಿದ್ಯಾರ್ಥಿಗಳ ಮುಂದೆ ಒಂದು ಗುಂಡಿಯನ್ನೂ ಒಂದು ಹಸಿರು ದೀಪವನ್ನೂ ಇಟ್ಟು, ದೀಪ ಹೊತ್ತುವುದರಲ್ಲಿ ನಿಮ್ಮ ಕೈವಾಡ ಎಷ್ಟು ಎಂದು ಅಂದಾಜು ಮಾಡಲು ಹೇಳಿದರು. ಖಿನ್ನತೆಯ ಲಕ್ಷಣವಿದ್ದವರ ಅಂದಾಜು ಸರಿಯಾಗಿತ್ತು; ಲವಲವಿಕೆಯಿಂದಿದ್ದವರು, ತಮ್ಮ ಕೈವಾಡವೇ ಇಲ್ಲದ ಕಡೆಯಲ್ಲೂ ದೀಪ ತಮ್ಮಿಂದಲೇ ಹೊತ್ತುತ್ತಿದೆ ಎಂದುಕೊಂಡರು. ಲೋಕವನ್ನು ಸರಿಯಾಗಿ ಕಾಣುವವನೇ ದುಃಖಿ ಎಂಬ ಆಕರ್ಷಕವಾದ ಮಾತು ಅಲ್ಲಿಂದ ಎಲ್ಲೆಡೆ ಹರಡಿತು. ಆದರೆ 2012ರಲ್ಲಿ 75 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಎರಡು ಗುಂಪುಗಳ ನಡುವಿನ ವ್ಯತ್ಯಾಸ ಗಣನೆಗೇ ಬಾರದಷ್ಟು ಚಿಕ್ಕದಾಗಿತ್ತು, 2022ರಲ್ಲಿ ಪ್ರಕಟವಾದ ಮರುಪರೀಕ್ಷೆಯಲ್ಲಿ ಆ ಫಲಿತಾಂಶ ಮರಳಿ ಸಿಗಲೇ ಇಲ್ಲ. ಖಿನ್ನತೆಗೆ ಒಳಗಾದವರ ಮುಂದೆ ‘ನಿನಗೆ ಸತ್ಯ ಕಾಣುತ್ತಿದೆ, ಅದಕ್ಕೇ ದುಃಖ’ ಎಂದು ಯಾರಾದರೂ ಹೇಳುವುದನ್ನು ಕೇಳಿದರೆ ನನಗೆ ಸಂಕಟವಾಗುತ್ತದೆ. ಖಿನ್ನತೆ ಒಂದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ.

ಈಗ ನಿಮ್ಮ ಮಗನಿಗೆ ಹೆಚ್ಚು ಹತ್ತಿರವಾದ ಅಧ್ಯಯನಕ್ಕೆ ಬರುತ್ತೇನೆ. 2001ರಲ್ಲಿ ರಿಚರ್ಡ್ ರಾಬಿನ್ಸ್ ಮತ್ತು ಜೆನಿಫರ್ ಬಿಯರ್ ಪ್ರಕಟಿಸಿದ ಕೆಲಸದಲ್ಲಿ, ಕಾಲೇಜಿಗೆ ಸೇರಿದ ವಿದ್ಯಾರ್ಥಿಗಳು ತಮ್ಮ ಓದಿನ ಸಾಮರ್ಥ್ಯದ ಬಗ್ಗೆ ಏನೆಂದುಕೊಂಡಿದ್ದಾರೆ, ಅವರ ಹಿಂದಿನ ಅಂಕಗಳು ಏನು ಹೇಳುತ್ತವೆ ಎಂಬೆರಡನ್ನೂ ಹೋಲಿಸಿ, ಬಳಿಕ ಪದವಿಯ ವರ್ಷಗಳುದ್ದಕ್ಕೂ ಅವರನ್ನು ಗಮನಿಸಿದರು. ತಮ್ಮನ್ನು ಅಂಕಕ್ಕಿಂತ ಬಹಳ ಮೇಲೆಂದು ಭಾವಿಸಿದವರು ಆರಂಭದಲ್ಲಿ ಹೆಚ್ಚು ಆತ್ಮಾಭಿಮಾನದಿಂದಲೂ ಸಂತೋಷದಿಂದಲೂ ಇದ್ದರು. ಆದರೆ ವರ್ಷ ಕಳೆದಂತೆ ಆ ಆತ್ಮಾಭಿಮಾನ ಇಳಿಯುತ್ತ ಬಂತು, ಓದಿನಲ್ಲಿದ್ದ ಆಸಕ್ತಿಯೂ ಕುಗ್ಗಿತು, ಅವರಿಗೆ ಉಳಿದವರಿಗಿಂತ ಹೆಚ್ಚು ಅಂಕಗಳೇನೂ ಬರಲಿಲ್ಲ. ಇದರಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವುದು ಓದಿನ ಬಗೆಗಿನ ಆಸಕ್ತಿ ಕುಗ್ಗಿದ ಸಂಗತಿ. ಪ್ರತಿ ಫಲಿತಾಂಶವೂ ನಂಬಿಕೆಯನ್ನು ಸುಳ್ಳಾಗಿಸುತ್ತಿರುವಾಗ ಮನಸ್ಸಿಗಿರುವುದು ಎರಡೇ ದಾರಿ: ನಂಬಿಕೆಯನ್ನು ತಿದ್ದಿಕೊಳ್ಳಬೇಕು, ಇಲ್ಲವೇ ಫಲಿತಾಂಶಕ್ಕೆ ಬೆಲೆಯೇ ಇಲ್ಲವೆಂದು ಅದರಿಂದ ದೂರ ಸರಿಯಬೇಕು. ಮಾಕ್ ಟೆಸ್ಟ್‌ನ ಮಾತು ಬಂದೊಡನೆ ಎದ್ದು ಹೋಗುವ ಹುಡುಗ ಎರಡನೆಯ ದಾರಿಯಲ್ಲಿ ಮೊದಲ ಹೆಜ್ಜೆ ಇಟ್ಟಿರಬಹುದು ಎಂಬುದೇ ನನ್ನ ಆತಂಕ, ಅದು ನಿಮ್ಮ ಆತಂಕವೂ ಹೌದೆಂದು ಪತ್ರದಿಂದ ತಿಳಿಯುತ್ತದೆ.

ಸ್ನೇಹ ಸಂಬಂಧಗಳಲ್ಲೂ ಇದೇ ಮಾದರಿ ಕಂಡಿದೆ. 1998ರಲ್ಲಿ ಡೆಲ್ರಾಯ್ ಪಾಲಸ್ ವರದಿ ಮಾಡಿದ ಅಧ್ಯಯನದಲ್ಲಿ, ತಮ್ಮನ್ನು ಹೆಚ್ಚೆಂದು ಭಾವಿಸಿದವರು ಚರ್ಚಾಗುಂಪಿನ ಮೊದಲ ಭೇಟಿಯಲ್ಲಿ ಎಲ್ಲರಿಗೂ ಮೆಚ್ಚಿಗೆಯಾದರು, ಏಳನೆಯ ಭೇಟಿಯ ಹೊತ್ತಿಗೆ ಅದೇ ಗುಂಪಿನವರು ಅವರನ್ನು ಜಂಬದವರೆಂದು ಬಗೆದಿದ್ದರು.

ಹಾಗಾದರೆ ನಿಮ್ಮ ಪತಿಯ ಮಾತಿನಲ್ಲಿ ಏನೂ ಹುರುಳಿಲ್ಲವೇ? ಇದೆ. 2019ರಲ್ಲಿ ಮಿಖಾಯೆಲ್ ಡುಫ್ನರ್ ಮತ್ತು ಸಂಗಡಿಗರು 299 ಗುಂಪುಗಳ, ಒಟ್ಟು 1,26,916 ಜನರ ಮಾಹಿತಿಯನ್ನು ಕ್ರೋಡೀಕರಿಸಿದಾಗ, ತಮ್ಮನ್ನು ಹೆಚ್ಚೆಂದುಕೊಳ್ಳುವವರು ಒಟ್ಟಾರೆಯಾಗಿ ಹೆಚ್ಚು ತೃಪ್ತರೂ ಕಡಿಮೆ ಖಿನ್ನರೂ ಆಗಿದ್ದರು. ಇಷ್ಟು ದೊಡ್ಡ ಸಂಖ್ಯೆಯನ್ನು ಕಡೆಗಣಿಸಲಾಗದು. ಆದರೆ ಅದೇ ವರ್ಷ ಜರ್ಮನಿಯ ಸಾರಾ ಹುಂಬರ್ಗ್ ಮತ್ತು ಸಂಗಡಿಗರು ಎತ್ತಿದ ಪ್ರಶ್ನೆ ಇಡೀ ಚರ್ಚೆಯ ಬೇರಿಗೇ ಕೈಹಾಕಿತು, ಅದನ್ನು ಸ್ವಲ್ಪ ನಿಧಾನವಾಗಿ ವಿವರಿಸುತ್ತೇನೆ.

ಇಬ್ಬರು ಹುಡುಗರಿದ್ದಾರೆಂದು ಇಟ್ಟುಕೊಳ್ಳಿ. ಇಬ್ಬರೂ ತಮಗೆ 600 ಅಂಕಗಳ ಶಕ್ತಿಯಿದೆ ಎಂದು ನಂಬಿದ್ದಾರೆ. ಒಬ್ಬನಿಗೆ ನಿಜವಾಗಿಯೂ 600 ಬರುತ್ತದೆ, ಇನ್ನೊಬ್ಬನಿಗೆ 350. ಉತ್ಪ್ರೇಕ್ಷೆಯನ್ನು ಅಳೆಯುವ ಸಾಮಾನ್ಯ ವಿಧಾನವೆಂದರೆ ನಂಬಿಕೆಯಿಂದ ವಾಸ್ತವವನ್ನು ಕಳೆಯುವುದು. ಆ ಪ್ರಕಾರ ಮೊದಲನೆಯವನ ಉತ್ಪ್ರೇಕ್ಷೆ ಸೊನ್ನೆ, ಎರಡನೆಯವನದು 250. ಈಗ ತಮ್ಮ ಬಗ್ಗೆ ಒಳ್ಳೆಯ ಅಭಿಪ್ರಾಯವಿರುವವರೆಲ್ಲ ಸಂತೋಷವಾಗಿರುತ್ತಾರೆ ಎಂದಾದರೆ, ಇಬ್ಬರೂ ಸಮನಾಗಿ ಸಂತೋಷವಾಗಿರುತ್ತಾರೆ. ಆದರೆ ತನ್ನ ಬಗೆಗಿನ ಅಭಿಪ್ರಾಯ ಮೇಲೇರಿದಷ್ಟೂ ಹಾಗೆ ಕಳೆದು ಸಿಗುವ ಸಂಖ್ಯೆಯೂ ಸಹಜವಾಗಿಯೇ ದೊಡ್ಡದಾಗುವುದರಿಂದ, ಸಾವಿರಾರು ಜನರ ಅಂಕಿಗಳನ್ನು ಒಟ್ಟಿಗೆ ನೋಡಿದಾಗ ಉತ್ಪ್ರೇಕ್ಷೆಯಿಂದಲೇ ಸಂತೋಷ ಹುಟ್ಟಿದಂತೆ ತೋರುತ್ತದೆ. ಹುಂಬರ್ಗ್ ಅವರು ಒಳ್ಳೆಯ ಅಭಿಪ್ರಾಯ, ಉತ್ಪ್ರೇಕ್ಷೆ ಈ ಎರಡನ್ನೂ ಬೇರ್ಪಡಿಸುವ ವಿಧಾನದಿಂದ ಬುದ್ಧಿಶಕ್ತಿಗೆ ಸಂಬಂಧಿಸಿದ ಸಾಮರ್ಥ್ಯಗಳನ್ನು ಪರಿಶೀಲಿಸಿದಾಗ, ನೆಮ್ಮದಿಗೆ ಜೊತೆಯಾಗಿ ಕಂಡದ್ದು ತನ್ನ ಬಗೆಗಿನ ಒಳ್ಳೆಯ ಅಭಿಪ್ರಾಯವೇ. ಅದು ವಾಸ್ತವವನ್ನು ಮೀರಿರುವುದರಿಂದ ವಿಶೇಷ ಲಾಭವೇನೂ ಕಾಣಲಿಲ್ಲ. ನಿಮ್ಮ ಮಗನಿಗೆ ಇದರ ಅರ್ಥವಿಷ್ಟೆ: ಅವನ ಧೈರ್ಯವನ್ನು ಉಳಿಸಲು ಸುಳ್ಳು ಅಂದಾಜನ್ನು ಉಳಿಸಬೇಕಾದ ಅಗತ್ಯವಿಲ್ಲ. ಜಪಾನಿನಲ್ಲಿ ಸ್ಟೀವನ್ ಹೈನೆ ಮುಂತಾದವರ ಅಧ್ಯಯನಗಳು ಹೀಗೆ ತಮ್ಮನ್ನು ಹೆಚ್ಚೆಂದುಕೊಳ್ಳುವ ಒಲವು ಅಲ್ಲಿ ಬಹಳ ಕ್ಷೀಣವೆಂದು ತೋರಿಸಿವೆ; ಭ್ರಮೆಯಿಲ್ಲದೆ ಮನಸ್ಸು ನಿಲ್ಲುವುದೇ ಇಲ್ಲ ಎನ್ನುವುದಾದರೆ ಇದನ್ನು ವಿವರಿಸುವುದು ಕಷ್ಟ.

ಇನ್ನು ಮಾಡಬೇಕಾದದ್ದೇನು? 1995ರಲ್ಲಿ ಟೇಲರ್ ಅವರೇ ಪೀಟರ್ ಗೋಲ್‌ವಿಟ್ಸರ್ ಜೊತೆಗೂಡಿ ತೋರಿಸಿದ ಒಂದು ಅಂಶ ನನಗೆ ಸದಾ ಉಪಯೋಗಕ್ಕೆ ಬಂದಿದೆ. ಯಾವುದನ್ನು ಆರಿಸಿಕೊಳ್ಳಲಿ ಎಂದು ಯೋಚಿಸುವ ಹೊತ್ತಿನಲ್ಲಿ ಜನ ತಮ್ಮನ್ನು ಹೆಚ್ಚು ನಿಷ್ಠುರವಾಗಿ ನೋಡಿಕೊಳ್ಳಬಲ್ಲರು. ತೀರ್ಮಾನಿಸಿ ಕೆಲಸಕ್ಕಿಳಿದ ಮೇಲೆ ಆಶಾಭಾವನೆ ತಾನಾಗಿ ಏರುತ್ತದೆ. ಹಾಗಾಗಿ ದಿನವಿಡೀ ಅವನ ನಂಬಿಕೆಯ ಮೇಲೆ ನೀರೆರಚುವ ಅಗತ್ಯವಿಲ್ಲ. ಓದುವಾಗ ‘ನನ್ನಿಂದ ಆಗುತ್ತದೆ’ ಎಂದುಕೊಂಡೇ ಓದಲಿ. ಲೆಕ್ಕ ನೋಡುವುದಕ್ಕೆ ಮಾತ್ರ ಬೇರೆ ಹೊತ್ತು ಇರಲಿ, ಪ್ರತಿ ಮಾಕ್ ಟೆಸ್ಟ್‌ನ ಮರುದಿನ ಒಂದು ಗಂಟೆ ಸಾಕು.

ಆ ಒಂದು ಗಂಟೆಗೆ ನಾನು ವಿದ್ಯಾರ್ಥಿಗಳಿಗೆ ಹೇಳುವ ಕ್ರಮ ಹೀಗಿದೆ. ಪರೀಕ್ಷೆ ಬರೆಯುವಾಗ ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಪ್ರತಿ ಉತ್ತರದ ಎದುರಿಗೆ ‘ಖ’, ‘ಅ’, ‘ಊ’ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಬೇಕು: ಖಚಿತ, ಅನುಮಾನ, ಊಹೆ. ಮರುದಿನ ಉತ್ತರಸೂಚಿಯನ್ನು ಎದುರಿಗಿಟ್ಟುಕೊಂಡು ಮೊದಲು ಒಟ್ಟು ಅಂಕ ಕೂಡಿಸದೆ, ‘ಖ’ ಎಂದು ಗುರುತಿಸಿದವುಗಳಲ್ಲಿ ಎಷ್ಟು ತಪ್ಪಾಗಿವೆ ಎಂಬುದನ್ನಷ್ಟೇ ಎಣಿಸಬೇಕು. ಗೊತ್ತಿದೆ ಎಂದು ನಂಬಿ ತಪ್ಪಿದ ಪ್ರಶ್ನೆಗಳೇ ಅವನು ಮತ್ತೆ ಓದದೆ ಬಿಟ್ಟಿರುವ ಪಾಠಗಳು. ನೀಟ್‌ನಲ್ಲಿ ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಳೆಯುತ್ತಾರೆ. ಹಾಗಾಗಿ ಇಲ್ಲಿ ಅತಿಯಾದ ಭರವಸೆ ನೇರವಾಗಿ ಅಂಕವನ್ನೇ ತಿನ್ನುತ್ತದೆ. ಹೀಗೆ ನೋಡಿಕೊಂಡಾಗ 350 ಎಂಬುದು ‘ನೀನು ಇಷ್ಟೇ’ ಎಂಬ ತೀರ್ಪಿನಂತೆ ಕೇಳುವುದಿಲ್ಲ, ಯಾವ ಅಧ್ಯಾಯವನ್ನು ಮತ್ತೆ ತೆರೆಯಬೇಕೆಂದು ತಿಳಿಸುವ ಗುರುತಾಗುತ್ತದೆ. ಗೋಡೆಯ ಚೀಟಿಯನ್ನು ನೀವು ಕೀಳಬೇಡಿ. ಅದರ ಪಕ್ಕದಲ್ಲಿ ಕಳೆದ ಟೆಸ್ಟ್‌ನ ಅಂಕವನ್ನು ಬರೆದಿಡಲು ಅವನೇ ಒಪ್ಪುವಂತಾದರೆ ಅರ್ಧ ಕೆಲಸ ಮುಗಿದಂತೆ.

ನಿಮ್ಮ ಪತಿಗೂ ಒಂದು ಮಾತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದು ಸಹಜವೇ. ಆದರೆ ನೆದರ್ಲೆಂಡ್ಸ್‌ನಲ್ಲಿ ಎಡ್ಡಿ ಬ್ರುಮಲ್ಮನ್ ಮತ್ತು ಸಂಗಡಿಗರು 7ರಿಂದ 12 ವರ್ಷದ 565 ಮಕ್ಕಳನ್ನೂ ಅವರ ತಂದೆತಾಯಿಯರನ್ನೂ ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದ ಪ್ರಕಾರ, ‘ನನ್ನ ಮಗು ಉಳಿದ ಮಕ್ಕಳಿಗಿಂತ ವಿಶೇಷ’ ಎಂಬ ಭಾವನೆ ಮಕ್ಕಳಲ್ಲಿ ಹಮ್ಮನ್ನು ಬೆಳೆಸಿತು. ಆತ್ಮಗೌರವವನ್ನು ಬೆಳೆಸಿದ್ದು ತಂದೆತಾಯಿಯರ ಅಕ್ಕರೆ. 350 ಬಂದ ದಿನವೂ 600 ಬಂದ ದಿನದಷ್ಟೇ ಪ್ರೀತಿಯಿಂದ ಅಪ್ಪ ಮಾತನಾಡಿಸುತ್ತಾರೆ ಎಂದು ಹುಡುಗನಿಗೆ ಗೊತ್ತಿದ್ದರೆ, ಅಂಕಪಟ್ಟಿಯನ್ನು ನೋಡಲು ಅವನು ಅಷ್ಟು ಹೆದರಬೇಕಾಗಿಲ್ಲ.

ಪ್ರಶ್ನೆ: ನಾನು ಬಿ.ಕಾಂ. ಕೊನೆಯ ವರ್ಷದಲ್ಲಿದ್ದೇನೆ. ಚಿಕ್ಕಂದಿನಿಂದಲೂ ಕೀಳರಿಮೆ ಹೆಚ್ಚು. ಗೆಳತಿಯ ಸಲಹೆಯಂತೆ ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ‘ನಾನು ಸುಂದರಿ, ನಾನು ಸಮರ್ಥೆ, ಎಲ್ಲರೂ ನನ್ನನ್ನು ಇಷ್ಟಪಡುತ್ತಾರೆ’ ಎಂದು ಹೇಳಿಕೊಳ್ಳುತ್ತೇನೆ. ಹೇಳಿದಷ್ಟೂ ಮನಸ್ಸು ಇನ್ನಷ್ಟು ಭಾರವಾಗುತ್ತಿದೆ. ತಪ್ಪು ನನ್ನಲ್ಲಿದೆಯೇ?
— ಓದುಗರು, ಹುಬ್ಬಳ್ಳಿ

ಉತ್ತರ: ತಪ್ಪು ನಿಮ್ಮಲ್ಲಿಲ್ಲ, ನಿಮಗಾದದ್ದು ಪ್ರಯೋಗದಲ್ಲೂ ಕಂಡುಬಂದಿದೆ. 2009ರಲ್ಲಿ ಕೆನಡಾದ ಜೋನ್ ವುಡ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ನಾಲ್ಕು ನಿಮಿಷಗಳ ಕಾಲ ಮನಸ್ಸಿಗೆ ಬಂದದ್ದನ್ನು ಬರೆಯಲು ಹೇಳಿ, ಗಂಟೆಯ ಸದ್ದು ಕೇಳಿದಾಗಲೆಲ್ಲ ‘ನಾನು ಪ್ರೀತಿಗೆ ಅರ್ಹ ವ್ಯಕ್ತಿ’ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಲು ಕೆಲವರಿಗೆ ಸೂಚಿಸಿದರು. ಮೊದಲೇ ಆತ್ಮಾಭಿಮಾನ ಚೆನ್ನಾಗಿದ್ದವರಿಗೆ ಅದರಿಂದ ಅಲ್ಪ ಲಾಭವಾಯಿತು. ಆತ್ಮಾಭಿಮಾನ ಕಡಿಮೆಯಿದ್ದವರಲ್ಲಿ, ಆ ಮಾತನ್ನು ಹೇಳಿಕೊಂಡವರು ಹೇಳಿಕೊಳ್ಳದವರಿಗಿಂತ ಹೆಚ್ಚು ಬೇಸರದಲ್ಲಿದ್ದರು. ಒಪ್ಪಲಾಗದ ಮಾತನ್ನು ಒತ್ತಾಯದಿಂದ ಹೇಳಿದಾಗ ಮನಸ್ಸು ಅದಕ್ಕೆ ಪ್ರತಿಸಾಕ್ಷಿಗಳನ್ನೇ ಹುಡುಕುತ್ತದೆ ಎನ್ನುವುದು ಇದಕ್ಕೆ ಕೊಡಲಾದ ವಿವರಣೆ. ಇನ್ನೊಂದು ಪ್ರಯೋಗದಲ್ಲಿ, ಆ ಮಾತು ಎಲ್ಲಿ ನಿಜ, ಎಲ್ಲಿ ನಿಜವಲ್ಲ ಎಂದು ಎರಡನ್ನೂ ಯೋಚಿಸಲು ಬಿಟ್ಟಾಗ ಅಂಥವರ ಸ್ಥಿತಿ ಉತ್ತಮವಾಗಿತ್ತು.

ಆದ್ದರಿಂದ ‘ಎಲ್ಲರೂ ನನ್ನನ್ನು ಇಷ್ಟಪಡುತ್ತಾರೆ’ ಎಂಬ ಮಾತನ್ನು ಇಂದೇ ಬಿಟ್ಟುಬಿಡಿ. ಲೋಕದಲ್ಲಿ ಯಾರ ಬಗೆಗೂ ಅದು ನಿಜವಲ್ಲ. ಅದರ ಬದಲು ರಾತ್ರಿ ಮಲಗುವ ಮುನ್ನ ಆ ದಿನ ನಡೆದ ಒಂದೇ ಒಂದು ಸಂಗತಿಯನ್ನು ಬರೆಯಿರಿ: ‘ತಂಗಿಗೆ ಬ್ಯಾಲೆನ್ಸ್ ಶೀಟ್ ಹೇಳಿಕೊಟ್ಟೆ, ಅವಳಿಗೆ ಅರ್ಥವಾಯಿತು’ ಎಂಬಂಥದ್ದು. ಅದು ಚಿಕ್ಕದಾದರೂ ನಿಜ, ನಿಮ್ಮ ಮನಸ್ಸು ಅದರೊಡನೆ ಜಗಳಕ್ಕಿಳಿಯುವುದಿಲ್ಲ. ಎರಡು ವಾರಗಳಿಗೂ ಮಿಕ್ಕಿ ನಿದ್ರೆ, ಹಸಿವು, ಓದಿನ ಗಮನ ಕೆಟ್ಟಿದ್ದರೆ, ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದಿದ್ದರೂ, ಇಂಥ ಬರವಣಿಗೆಯನ್ನು ನೆಚ್ಚಿಕೊಂಡು ಕೂರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಪ್ರಶ್ನೆ: ನನ್ನ ಹೆಂಡತಿಗೆ ಸ್ತನ ಕ್ಯಾನ್ಸರ್ ಆಗಿತ್ತು, ಶಸ್ತ್ರಚಿಕಿತ್ಸೆ, ಕೀಮೋ ಎರಡೂ ಮುಗಿದಿವೆ. ಮರುಕಳಿಸುವ ಸಾಧ್ಯತೆ ಇದ್ದೇ ಇದೆ, ತಪಾಸಣೆಗೆ ಬರುತ್ತಿರಬೇಕು ಎಂದು ವೈದ್ಯರು ಹೇಳಿದ್ದಾರೆ. ಇವಳು ಮಾತ್ರ ‘ದಿನಾ ಪ್ರಾಣಾಯಾಮ ಮಾಡುತ್ತೇನೆ, ಅದು ಇನ್ನು ನನ್ನ ಹತ್ತಿರ ಸುಳಿಯುವುದಿಲ್ಲ’ ಎಂದು ಎಲ್ಲರಿಗೂ ಹೇಳುತ್ತಾಳೆ. ಅಮೆರಿಕದಲ್ಲಿರುವ ಮಗ ‘ಅಮ್ಮನಿಗೆ ವಾಸ್ತವ ತಿಳಿಸಿ ಹೇಳಪ್ಪ’ ಎನ್ನುತ್ತಾನೆ. ತಿದ್ದಬೇಕೇ?
— ನಿವೃತ್ತ ನೌಕರರು, ಮೈಸೂರು

ಉತ್ತರ: ತಪಾಸಣೆಗೆ ತಪ್ಪದೆ ಹೋಗುತ್ತಿದ್ದರೆ, ಬರೆದುಕೊಟ್ಟ ಮಾತ್ರೆಗಳನ್ನು ನುಂಗುತ್ತಿದ್ದರೆ, ತಿದ್ದಬೇಡಿ.

ಮೇಲೆ ಹೇಳಿದ ಶೆಲ್ಲಿ ಟೇಲರ್ ಅವರ ಚಿಂತನೆ ಆರಂಭವಾದದ್ದೇ ನಿಮ್ಮ ಪತ್ನಿಯಂಥವರಿಂದ. 1980ರ ದಶಕದ ಆರಂಭದಲ್ಲಿ ಸ್ತನ ಕ್ಯಾನ್ಸರ್ ಆಗಿದ್ದ 78 ಮಹಿಳೆಯರನ್ನು ಅವರ ತಂಡ ದೀರ್ಘವಾಗಿ ಮಾತನಾಡಿಸಿತು. ಅನೇಕರು ಆಹಾರದಿಂದಲೋ ಧ್ಯಾನದಿಂದಲೋ ಕಾಯಿಲೆಯನ್ನು ದೂರವಿಟ್ಟಿದ್ದೇವೆ ಎಂದು ನಂಬಿದ್ದರು, ಹಾಗೆ ನಂಬಿದವರು ಬದುಕಿಗೆ ಚೆನ್ನಾಗಿ ಹೊಂದಿಕೊಂಡಿದ್ದರು. ನಂಬಿಕೆ ಸುಳ್ಳಾದರೆ ಕುಸಿದುಬಿಡುತ್ತಾರೆ ಎಂದು ನಿರೀಕ್ಷಿಸಿದ್ದ ಟೇಲರ್ ಅವರಿಗೆ ಅಚ್ಚರಿ ತಂದದ್ದು, ಕಾಯಿಲೆ ಮರಳಿದಾಗಲೂ ಅವರು ತಮ್ಮ ಹಿಡಿತದಲ್ಲಿರುವ ಇನ್ನೊಂದನ್ನು ಹುಡುಕಿಕೊಂಡು ನಿಂತರು ಎಂಬ ಸಂಗತಿ. ವಿದ್ಯಾರ್ಥಿಯ ಅಂದಾಜಿಗೂ ಇದಕ್ಕೂ ಬಹಳ ಅಂತರವಿದೆ. ಅವನ ಮುಂದೆ ಇನ್ನೂ ತಿದ್ದಿಕೊಳ್ಳಬಹುದಾದ ಕೆಲಸವಿದೆ, ತಪ್ಪು ಅಂದಾಜು ಆ ಕೆಲಸಕ್ಕೇ ಅಡ್ಡಬರುತ್ತದೆ. ನಿಮ್ಮ ಪತ್ನಿಯಿಂದ ಆಗಬೇಕಾದ ಕೆಲಸ ತಪಾಸಣೆ ಮತ್ತು ಮಾತ್ರೆ ಮಾತ್ರ, ಅವರ ನಂಬಿಕೆ ಅದಕ್ಕೆ ಅಡ್ಡಬಂದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಮನೋಬಲ ಗಟ್ಟಿಯಿದ್ದರೆ ಕ್ಯಾನ್ಸರ್ ಮರಳುವುದಿಲ್ಲ ಎಂದು ನೆಂಟರಿಷ್ಟರು ಹೇಳುತ್ತಲೇ ಇರುತ್ತಾರೆ. 2002ರಲ್ಲಿ ಮಾರ್ಕ್ ಪೆಟಿಕ್ರೂ ಮತ್ತು ಸಂಗಡಿಗರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿದಾಗ, ರೋಗಿಯ ಹೋರಾಟದ ಮನೋಭಾವವಾಗಲಿ ಅಸಹಾಯಕತೆಯಾಗಲಿ ಆಯಸ್ಸನ್ನೋ ಮರುಕಳಿಸುವಿಕೆಯನ್ನೋ ನಿರ್ಧರಿಸುತ್ತದೆ ಎನ್ನಲು ಗಟ್ಟಿಯಾದ ಪುರಾವೆ ಸಿಗಲಿಲ್ಲ. ಇದು ನಿರಾಸೆಯ ಸುದ್ದಿಯಲ್ಲ. ಒಂದು ವೇಳೆ ಕಾಯಿಲೆ ಮರಳಿದರೆ ‘ನನ್ನ ಮನಸ್ಸು ಸಾಲದಾಯಿತು’ ಎಂಬ ಅಪರಾಧದ ಹೊರೆಯನ್ನು ಆಕೆ ಹೊರಬೇಕಾಗಿಲ್ಲ ಎಂಬುದೇ ಇದರ ಅರ್ಥ. ಪ್ರಾಣಾಯಾಮದಿಂದ ಅವರಿಗೆ ನೆಮ್ಮದಿ ಸಿಗುತ್ತಿದೆ ಎಂದು ಮೆಚ್ಚಿ, ಅದು ಕಾಯಿಲೆಯನ್ನು ತಡೆಯುತ್ತಿದೆ ಎಂದು ನೀವಾಗಿ ದನಿಗೂಡಿಸಬೇಡಿ.

ಮಗನಿಗೆ ಹೀಗೆ ಹೇಳಿ: ‘ಅಮ್ಮನಿಗೆ ವಾಸ್ತವ ಗೊತ್ತಿದೆ, ವೈದ್ಯರು ಹೇಳುವಾಗ ಅವಳೂ ಪಕ್ಕದಲ್ಲೇ ಕೂತಿದ್ದಳು. ಫೋನ್ ಮಾಡಿದಾಗ ಮುಂದಿನ ಮ್ಯಾಮೊಗ್ರಾಂ ಯಾವಾಗ ಎಂದು ಕೇಳು, ಸಾಕು.’ ‘ನನಗೆಲ್ಲ ವಾಸಿಯಾಗಿದೆ, ತಪಾಸಣೆ ಯಾಕೆ’ ಎಂಬ ಮಾತು ಎಂದಾದರೂ ಬಂದರೆ, ಅಂದು ನೀವೇ ವಾದಕ್ಕಿಳಿಯದೆ ಅವರ ವೈದ್ಯರಿಂದಲೇ ಹೇಳಿಸಿ. ಆಕೆಯೇ ಒಂದು ದಿನ ‘ಮತ್ತೆ ಬಂದುಬಿಡುತ್ತದೆಯೇ?’ ಎಂದು ಕೇಳಿದರೆ, ‘ಛೆ, ಹಾಗೆಲ್ಲ ಅನ್ನಬೇಡ’ ಎಂದು ಬಾಯಿ ಮುಚ್ಚಿಸಬೇಡಿ. ವೈದ್ಯರು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿ, ಬಂದರೂ ಜೊತೆಗೆ ನಾನಿರುತ್ತೇನೆ ಎಂದು ಸೇರಿಸಿ.